ಹದಿನಾಲ್ಕನೆಯ ಪ್ರಶ್ನೆ

1-9-86, ಸೋಮವಾರ

ಆರಕ್ಕೆ ಎದ್ದೆ. ತಂಗಿ ಭದ್ರಳಿಗೆ ಸ್ನಾನ, ಜಡೆ. ಮುದ್ದೆ, ಉಪ್ಸಾರು ಮುಚ್ಚಿಟ್ಟು, ಪಕ್ಕದಲ್ಲಿ ನೀರಿನ ಚೊಂಬು ಇಟ್ಟು, ಬೀಗ ಹಾಕಿ ಹೊರಟೆ. ಪಕ್ಕದ ಮನೆ ಗುಲ್ಜಾರ್ ಬೀ ಜಗಲಿಯಲ್ಲಿ ಮರದ ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದಳು. ಮಧ್ಯಾಹ್ನ ಒಂದು ಸಲ ಕಿಟಕಿಯಿಂದ ನೋಡುತ್ತೇನೆ ಅಂದಳು. ತಿಂಗಳ ಮೊದಲ ಸೋಮವಾರದ ಪಾಠ ಇದು. ತಂಗಿಗೂ ಬಾಯಿಪಾಠ. ನಾನು ಚಪ್ಪಲಿ ಮೆಟ್ಟಿದರೆ ಸಾಕು, ಬಾಗಿಲ ಹಿಂದೆ ಹೋಗಿ ಕೂತು "ಅಣ್ಣ, ಬೀಗ" ಅನ್ನುತ್ತಾಳೆ. ವಯಸ್ಸು ನಲವತ್ತಮೂರು, ಬುದ್ಧಿ ನಾಲ್ಕಕ್ಕೇ ನಿಂತಿದೆ.

ಚನ್ನಪಟ್ಟಣದಿಂದ ರಾಮನಗರ, ಅಲ್ಲಿ ಬಸ್ಸು ಬದಲಿಸಿ ಕನಕಪುರ, ಆಮೇಲೆ ಎರಡು ಮೈಲಿ ನಡಿಗೆ. ದೊಡ್ಡಲಕ್ಷ್ಮಮ್ಮನ ಮನೆ. ಗಂಡ ಸತ್ತ ಮೇಲೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಎಲ್ಲ ಅವಳೇ ನೋಡುತ್ತಾಳೆ. ಫಕ್ರುದ್ದೀನ್ ಸಾಹೇಬರ ಟ್ರಸ್ಟಿನವರು ಇಬ್ಬರನ್ನು ಅವಳ ಮನೆಯಲ್ಲಿ ಇರಿಸಿದ್ದಾರೆ. ಗಂಗಯ್ಯ, ಸಿದ್ದಮ್ಮ. ಇಬ್ಬರೂ ಬುದ್ಧಿಮಾಂದ್ಯರು, ದಿಕ್ಕಿಲ್ಲದವರು. ಇಂಥವರು ಸಂಸಾರಸ್ಥರ ಮನೆಯಲ್ಲಿ ಎಲ್ಲರಂತೆ ಬದುಕಲಿ ಅನ್ನುವುದು ಸಾಹೇಬರ ಆಸೆ. ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ವಿಚಾರಿಸಿ ಅಂಕ ಹಾಕುವುದು ನನ್ನ ಕೆಲಸ. ಮೂವತ್ತು ವರ್ಷ ಮಕ್ಕಳಿಗೆ ಹಾಕಿದ್ದು ಸಾಲದು ಅಂತ.

ಫಾರಂನಲ್ಲಿ ಇಪ್ಪತ್ತು ಪ್ರಶ್ನೆ. ಊಟ, ಬಟ್ಟೆ, ಮೈಶುಚಿ... ಹದಿಮೂರನೆಯದು ಮಲಗುವ ಜಾಗ. ಹದಿನಾಲ್ಕನೆಯದು — ಕೂಡಿಹಾಕುವುದು ಅಥವಾ ಕಟ್ಟಿಹಾಕುವುದು ಉಂಟೇ?

ಮಲಗುವ ಜಾಗ ಹುಳುಮನೆಯ ಹಿಂದಿನ ಕೋಣೆ. ನೋಡಲಾಗಲಿಲ್ಲ. ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು, ಸೊಪ್ಪಿಗೆ ಬಾಯಿ ಹಾಕಿವೆ. ಹೊಸಿಲಿಗೆ ಸುಣ್ಣದ ಪುಡಿ ಚೆಲ್ಲಿದ್ದಳು. "ಹೊರಗ್ನೋರು ಒಳಕ್ಕೆ ಬರಂಗಿಲ್ಲ ಮೇಷ್ಟ್ರೇ. ಹುಳಕ್ಕೆ ಸಪ್ಪೆ ರೋಗ ಬಂದ್ಬುಡ್ತದೆ" ಅಂದಳು. ನಾನೂ ಒತ್ತಾಯ ಮಾಡಲಿಲ್ಲ. ನಮ್ಮಮ್ಮ ಹುಳು ಸಾಕುವಾಗ ಪೇಟೆಯಿಂದ ಬಂದ ಹೊಟ್ಟೆಯ ಮಗನನ್ನೇ ಜಗಲಿಯಲ್ಲಿ ನಿಲ್ಲಿಸುತ್ತಿದ್ದಳು. ಹುಳುಮನೆಗೆ ನುಗ್ಗುವವನು ಈ ಸೀಮೆಯಲ್ಲಿ ಹುಟ್ಟಿದವನೇ ಅಲ್ಲ.

ಜಗಲಿಯಲ್ಲೇ ಕೂತು ಕೇಳಿ ಬರೆದೆ. ಸಿದ್ದಮ್ಮನನ್ನು ಕರೆಸಿದಳು. ಮೂವತ್ತರ ಹೆಂಗಸು, ತಲೆಗೆ ಎಣ್ಣೆ, ಒಗೆದ ಸೀರೆ.

"ಚೆನ್ನಾಗಿದ್ದೀಯೇನವ್ವ?"

"ಹೂಂ."

"ಹೊಟ್ಟೆ ತುಂಬ ಊಟ ಕೊಡ್ತಾರಾ?"

"ಹೂಂ."

ಹದಿನೆಂಟು ಅಂಕ ಹಾಕಿದೆ. ನನ್ನ ಕೈಯಿಂದ ಹದಿನೆಂಟು ಬಿದ್ದರೆ ಅದು ಬೇರೆಯವರ ಇಪ್ಪತ್ತು.

4-9-86

ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಬೆಂಗಳೂರಿನಲ್ಲಿ ಎಂಟು ದಿನ ಅಡ್ಮಿಟ್ ಆಗಬೇಕಂತೆ, ಟೆಸ್ಟ್ ಆಗಬೇಕಂತೆ.

"ಮನೇಲಿ ಯಾರಿದ್ದಾರೆ?"

"ತಂಗಿ ಇದ್ದಾಳೆ."

"ಒಳ್ಳೇದಾಯ್ತು. ಅವರೇ ನೋಡಿಕೊಳ್ತಾರಲ್ಲ" ಅಂದರು. ನಗು ಬಂತು.

ನಾನು ಹೋದರೆ ಇವಳು ಎಲ್ಲಿ? ಅಮ್ಮ ಸಾಯುವಾಗ ನನ್ನ ಕೈ ಹಿಡಿದು ಕೇಳಿದ್ದು ಇದನ್ನೇ. ನಾನಿದ್ದೀನಲ್ಲ ಅಂದಿದ್ದೆ. ಈಗ ನಾನು ಯಾರ ಕೈ ಹಿಡಿಯಲಿ?

ಸಂಜೆ ಜಡೆ ಬಿಚ್ಚುವಾಗ ಹೊಳೆಯಿತು. ದೊಡ್ಡಲಕ್ಷ್ಮಮ್ಮ. ಹದಿನೆಂಟು ಅಂಕದ ಮನೆ.

6-10-86, ಸೋಮವಾರ

ಕನಕಪುರ. ಮೊನ್ನೆ ಹೊಸ ಹುಳು ತಂದಿದ್ದಾರೆ. ಮತ್ತೆ ಸುಣ್ಣದ ಗೆರೆ, ಮತ್ತೆ ಜಗಲಿ. ಈಚೆಗೆ ಎಲ್ಲರದೂ ಇದೇ ಕಥೆ. ರೇಷ್ಮೆಗೂಡಿಗೆ ಇಂಥ ಗಿರಾಕಿ ಹಿಂದೆಂದೂ ಇರಲಿಲ್ಲ. ಒಂದು ಬೆಳೆ ಇಳಿಸಿ ಮನೆ ತೊಳೆಯುವಷ್ಟರಲ್ಲಿ ಇನ್ನೊಂದು.

ಭದ್ರಳ ಮಾತು ಎತ್ತಿದೆ. ಮೊದಲು ಎಂಟು ದಿನ, ಒಗ್ಗಿಕೊಂಡರೆ ಆಮೇಲೆ ಕಾಯಂ.

"ಕಳ್ಸಿ ಮೇಷ್ಟ್ರೇ. ಇಬ್ರು ಉಣ್ಣೋ ಕಡೆ ಮೂರ್ ಜನ ಉಣ್ತಾರೆ" ಅಂದಳು ದೊಡ್ಡಲಕ್ಷ್ಮಮ್ಮ.

ಕಣ್ಣು ತುಂಬಿತು. ಫಾರಂ ಜಗಲಿಯಲ್ಲಿ ಓದಲೇ ಇಲ್ಲ. ಬಸ್ಸಿನಲ್ಲಿ ಕೂತು ತುಂಬಿದೆ. ಹದಿನೆಂಟು.

19-10-86, ಭಾನುವಾರ

ಭದ್ರಳನ್ನು ಬಿಟ್ಟು ಬಂದೆ. ಬಸ್ಸಿನಲ್ಲಿ ಕಿರುಚಾಡಿ ಕಂಡಕ್ಟರಿಗೆ ಹೊಡೆದಳು. ರಾಮನಗರ ಮುಟ್ಟುವ ಮೊದಲೇ ಇಳಿಸಿದರು. ಕೊನೆಗೆ ಫಕ್ರುದ್ದೀನ್ ಸಾಹೇಬರು ಜೀಪು ಕಳಿಸಿದರು. ಇನ್ನು ಅವಳನ್ನು ಬಸ್ಸು ಹತ್ತಿಸುವ ಹಾಗಿಲ್ಲ.

ಸಿದ್ದಮ್ಮ ಬಂದು ಅವಳ ಕೈ ಹಿಡಿದುಕೊಂಡಳು. ಭದ್ರ ಬಿಡಿಸಿಕೊಳ್ಳಲಿಲ್ಲ. ಹಿಂತಿರುಗಿ ನನ್ನನ್ನು ನೋಡಲೂ ಇಲ್ಲ. ಒಳ್ಳೆಯದೇ ಆಯಿತು. ನೋಡಿದ್ದರೆ ಕರೆದುಕೊಂಡು ಬಂದುಬಿಡುತ್ತಿದ್ದೆ.

28-10-86

ಆಸ್ಪತ್ರೆಯಿಂದ ನಿನ್ನೆ ಬಂದೆ. ಹೃದಯದ ಒಂದು ಕಡೆ ಸೋತಿದೆಯಂತೆ. ಮೆಟ್ಟಿಲು ಹತ್ತಬೇಡಿ, ಚಿಂತೆ ಮಾಡಬೇಡಿ. ಮೊದಲನೆಯದು ಆದೀತು.

ಇವತ್ತು ಸಾಹೇಬರ ಜೀಪಿನಲ್ಲೇ ಭದ್ರಳನ್ನು ಕರೆತಂದೆ. ಅಳುತ್ತಿರಲಿಲ್ಲ. ಮೈ ಒಂದಿಷ್ಟು ತುಂಬಿಕೊಂಡಂತಿದೆ. ತಲೆಯಲ್ಲಿ ಹೇನಿಲ್ಲ. ಗುಲ್ಜಾರ್ ಬೀ ಬಂದು ನೋಡಿ "ಒಳ್ಳೇ ಮನೆ ಸಿಕ್ತು ಮೇಷ್ಟ್ರೇ, ನಿಮ್ ಪುಣ್ಯ" ಅಂದಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

29-10-86, ಮಧ್ಯಾಹ್ನ

ಊಟ ಆಯಿತು. ಚಾಪೆ ಹಾಸಿದೆ. ಭದ್ರ ಮಲಗಲಿಲ್ಲ. ಗೋಡೆಗೆ ಒರಗಿ ಕೂತು ಎರಡೂ ಕಾಲು ಜೋಡಿಸಿ ನನ್ನ ಕಡೆ ಚಾಚಿದಳು. ಕಾಲು ನೋವೇನೋ ಅಂತ ಒತ್ತಿದೆ. ಅಲ್ಲ ಅನ್ನುವಂತೆ ತಲೆ ಆಡಿಸಿದಳು. ಎದ್ದು ಹೋಗಿ ಬಟ್ಟೆ ಹಾಕುವ ಗಳುವಿನಿಂದ ತನ್ನ ಹಳೇ ಸೀರೆ ಎಳೆದು ತಂದು ನನ್ನ ಕೈಗೆ ಕೊಟ್ಟಳು. ಮತ್ತೆ ಕೂತಳು. ಮತ್ತೆ ಕಾಲು ಚಾಚಿದಳು.

ಕಣಕಾಲಿನ ಸುತ್ತ ಕೆಂಪು ಗೆರೆ. ನಿನ್ನೆ ನಾನು ತಲೆ ನೋಡಿದೆ, ಮೈ ನೋಡಿದೆ. ಕಾಲು ನೋಡಿರಲಿಲ್ಲ.

30-10-86, ಗುರುವಾರ

ಹೇಳದೆ ಕೇಳದೆ ಹೋದೆ. ಭದ್ರಳಿಗೆ ಬೀಗ ಹಾಕಿ, ಏಳೂವರೆ ಬಸ್ಸು. ಎರಡು ಮೈಲಿ ನಡೆಯುವಾಗ ನಾಲ್ಕು ಕಡೆ ಕೂತೆ.

ಗಂಗಯ್ಯ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ. ದೊಡ್ಡಲಕ್ಷ್ಮಮ್ಮ ಜಗಲಿಗೆ ಓಡಿಬಂದಳು. "ಹುಳ ಹಣ್ಣಾಗವೆ ಮೇಷ್ಟ್ರೇ, ಗೂಡಿಗೆ ಬಿಡ್ತಾ ಇವ್ನಿ, ಒಳಕ್ಕೆ ಬರ್ಬೇಡಿ." ಸುಣ್ಣದ ಗೆರೆ ದಾಟಿದೆ. ಅರವತ್ತೊಂದು ವರ್ಷಕ್ಕೆ ಮೊದಲ ಸಲ.

ಒಳಗೆ ಕತ್ತಲು, ಬಿಸಿ. ಬಿದಿರಿನ ಚಂದ್ರಿಕೆಗಳ ಮೇಲೆ ಹುಳು ಗೂಡು ಕಟ್ಟುತ್ತಿದ್ದವು. ಮೂಲೆಯಲ್ಲಿ ಗೋಣಿಯ ಮೇಲೆ ಸಿದ್ದಮ್ಮ. ಎರಡೂ ಕಾಲು ಕಂಬಕ್ಕೆ ಕಟ್ಟಿದ್ದರು. ಹಗ್ಗವಲ್ಲ, ಸವೆದ ಸೀರೆಯ ಮೆತ್ತನೆಯ ಪಟ್ಟಿ. ಪಕ್ಕದಲ್ಲಿ ನೀರಿನ ಚೊಂಬು. ನನ್ನನ್ನು ನೋಡಿ ನಕ್ಕಳು. ನಾನು ಏನೂ ಕೇಳುವ ಮೊದಲೇ "ಹೂಂ" ಅಂದಳು.

"ಏನಮ್ಮ ಇದು?" ಅಂದೆ.

"ಏನ್ ಮಾಡ್ಲಿ ಮೇಷ್ಟ್ರೇ? ಕೊನೇ ಎಂಟ್ ದಿನ ಹುಳ ಬಿಡುವಿಲ್ದಂಗೆ ಮೇಯ್ತವೆ. ನಾನು ಸೊಪ್ಪಿಗೆ ಹೋದ್ರೆ ಇವ್ಳು ಹುಳದ ತಟ್ಟೆಗೆ ಕೈ ಹಾಕ್ತಾಳೆ. ಹೋದ್ ವರ್ಸ ಒಂದ್ ಬೆಳೆ ಪೂರಾ ಹಿಸುಕಾಕ್ಬುಟ್ಲು. ಆಚೆ ಬುಡಾನ ಅಂದ್ರೆ ಬಾವಿ ಐತೆ. ಕಣ್ ಮುಂದೆ ಇರ್ಲಿ ಅಂತ ಕಟ್ಟಿವ್ನಿ. ಹೊಟ್ಟೆಗೆ ಕಮ್ಮಿ ಮಾಡಿವ್ನಾ, ನೀವೇ ಕೇಳಿ."

"ನಮ್ಮ ಭದ್ರಂಗೂ ಕಟ್ಟಿದೆಯಲ್ಲಮ್ಮ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಾನಾಗಿ ಕಟ್ಲಿಲ್ಲ ಸೋಮಿ. ಸಿದ್ದಮ್ಮನ್ ಪಕ್ಕ ಕೂತ್ಕಂಡು ಆವಮ್ಮನೂ ಕಾಲ್ ಚಾಚುದ್ರು. ನೋಡ್ಕಳೋರು ಯಾರವ್ರೆ ಅಂತ ನಾನೂ ಕಟ್ದೆ." ಆಮೇಲೆ ಕೇಳಿದಳು, "ಈಗ ಎಲ್ಲವ್ರೆ ಭದ್ರಮ್ಮ?"

"ಮನೇಲಿ."

"ಜೊತೇಲಿ ಯಾರವ್ರೆ?"

ವ್ಯಂಗ್ಯವಿರಲಿಲ್ಲ. ನಿಜವಾಗಿ ಕೇಳಿದ್ದಳು. ಜೇಬಿನಲ್ಲಿದ್ದ ಕೈಗೆ ಬೀಗದಕೈ ಸಿಕ್ಕಿತು. ಸಿದ್ದಮ್ಮನ ಕಟ್ಟು ನಾನೇ ಬಿಚ್ಚಿದೆ. ಅವಳು ಎದ್ದು ಹೋಗಲಿಲ್ಲ, ಅಲ್ಲೇ ಕೂತಳು.

31-10-86

ಬರೆಯಲಾರೆ.

3-11-86, ಸೋಮವಾರ

ರಾಮನಗರ. ಫಕ್ರುದ್ದೀನ್ ಸಾಹೇಬರ ಫಿಲೇಚರ್, ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಬಿಸಿನೀರಿನಲ್ಲಿ ಗೂಡು ಬೇಯುವ ನಾತಕ್ಕೆ ತಲೆ ತಿರುಗಿತು. ಎಲ್ಲ ಹೇಳಿದೆ. ಅವರು ಎದ್ದು ಬೀರುವಿನಿಂದ ಹದಿನಾಲ್ಕು ತಿಂಗಳ ಫಾರಂ ತೆಗೆದು ಮುಂದಿಟ್ಟರು. ಎಲ್ಲ ನನ್ನ ಅಕ್ಷರ. ದುಂಡಗೆ, ತಪ್ಪಿಲ್ಲದೆ. ಕಟ್ಟಿಹಾಕುವುದು ಉಂಟೇ? ಇಲ್ಲ. ಇಲ್ಲ. ಇಲ್ಲ.

"ಒಂದು ದಿನಾನೂ ಒಳಗೆ ಹೋಗಲಿಲ್ವಾ ಮೇಷ್ಟ್ರೇ?"

"ಹುಳು ಇದ್ದವು."

ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಇವರೂ ಹುಳುವಿನ ಊರಿನವರು, ಗೊತ್ತು. "ನಮ್ಮ ತಮ್ಮನ್ನ ಅಬ್ಬಾನೇ ಹಿತ್ತಲಲ್ಲಿ ಕಟ್ತಾ ಇದ್ರು. ಸಾಯೋವರೆಗೂ. ಅದಕ್ಕೇ ಈ ಟ್ರಸ್ಟು" ಅಂದರು.

ಬರುವ ಸೋಮವಾರ ಹನ್ನೊಂದಕ್ಕೆ ಕಮಿಟಿ ಸೇರುತ್ತದೆ. ಈ ವ್ಯವಸ್ಥೆಯೇ ಬೇಡ, ಮುಚ್ಚಿ ಅನ್ನುವವರು ಅದರಲ್ಲಿದ್ದಾರೆ. ಮುಚ್ಚಿದರೆ ಸಿದ್ದಮ್ಮ ಅಣ್ಣನ ಹತ್ತಿರ ಹೋಗಬೇಕು. ಮಾಗಡಿ ಬಸ್ ಸ್ಟಾಂಡಿನಲ್ಲಿ ಅವಳನ್ನು ಕೂರಿಸಿ ಹೊರಟುಹೋಗಿದ್ದ ಅಣ್ಣ. ಮುಚ್ಚದೆ ಹೀಗೇ ಬಿಟ್ಟರೆ, ಬುಧವಾರ ಹೊಸ ಹುಳು ಬರುತ್ತವೆ, ಮತ್ತೆ ಅದೇ ಕಂಬ.

"ಬೇರೆ ದಾರಿ ಇದ್ದರೆ ಬರ್ಕೊಂಡು ನೀವೇ ಬನ್ನಿ. ಕಾಗದ ಕಳಿಸಿದ್ರೆ ಯಾರೂ ಓದಲ್ಲ. ಕಣ್ಣಲ್ಲಿ ಕಂಡವರು ನೀವೊಬ್ಬರೇ."

ಬರುತ್ತೇನೆ ಅಂದೆ.

5-11-86

ರಿಪೋರ್ಟ್ ಬರೆದೆ. ಮನೆ ಮುಚ್ಚಬೇಡಿ. ಕೊನೆಯ ಎಂಟು ದಿನಕ್ಕೆ ಇನ್ನೊಬ್ಬ ಹೆಂಗಸನ್ನು ಜೊತೆಗೆ ಕೊಡಿ. ಬಾವಿಗೆ ಕಟ್ಟೆ ಕಟ್ಟಿಸಿ. ವಿಚಾರಿಸಲು ಹೋಗುವವನು ಆ ಎಂಟು ದಿನದಲ್ಲೇ ಹೋಗಬೇಕು, ಕಾಲು ತೊಳೆದುಕೊಂಡು ಒಳಗೆ ಹೋಗಬೇಕು. ಇಷ್ಟೇ. ಹದಿನಾಲ್ಕು ತಿಂಗಳ ಹಿಂದೆಯೇ ಬರೆಯಬಹುದಿತ್ತು.

ಒಂದು ಖಾಲಿ ಫಾರಂ ಉಳಿದಿತ್ತು. ಸುಮ್ಮನೆ ತುಂಬಿದೆ. ಮನೆ ಯಜಮಾನ: ಚೆಲುವಯ್ಯ. ಇರುವವರು: ಭದ್ರಮ್ಮ. ಊಟ, ಪೂರ್ತಿ ಅಂಕ. ಬಟ್ಟೆ, ಪೂರ್ತಿ. ಹದಿನಾಲ್ಕಕ್ಕೆ ಬಂದೆ. ಉಂಟು ಎಂದು ಬರೆದೆ. ಎಷ್ಟು ವರ್ಷದಿಂದ? ಅಮ್ಮ ಸತ್ತಂದಿನಿಂದ, ಹತ್ತೊಂಬತ್ತು ವರ್ಷ. ನೆರೆಹೊರೆಯೊಡನೆ ಬೆರೆಯಲು ಬಿಡುತ್ತಾರೆಯೇ? ಇಲ್ಲ. ಕೂಡಿದೆ. ಹದಿನೆಂಟು.

ಮನೆಗೆ ಮಾರಿ, ಊರಿಗೆ ಉಪಕಾರಿ. ಯಾರ ಮೇಲೆ ಕೋಪ ಮಾಡಿಕೊಳ್ಳಲಿ? ಆ ಹೆಂಗಸು ಹಳೇ ಸೀರೆಯ ಪಟ್ಟಿಯಿಂದ ಕಟ್ಟಿದಳು, ನಾನು ಹಿತ್ತಾಳೆ ಬೀಗ ಹಾಕಿದೆ. ಅವಳಿಗೆ ಎಂಟು ದಿನ, ನನಗೆ ಹತ್ತೊಂಬತ್ತು ವರ್ಷ. ನಾಚಿಕೆಗೆ ಸಾಯಬೇಕು ಅನ್ನಿಸುತ್ತದೆ. ಸಾಯುವ ಹಾಗೂ ಇಲ್ಲ.

7-11-86

ಇವತ್ತು ಬಾಗಿಲು ತೆರೆದಿಟ್ಟು ಹಾಲು ತರಲು ಹೋದೆ. ಬೇಕೆಂದೇ. ಹತ್ತು ನಿಮಿಷ ಆಗಿರಲಿಕ್ಕಿಲ್ಲ. ಬಂದರೆ ಭದ್ರ ಇಲ್ಲ. ಗುಲ್ಜಾರ್ ಬೀ ಮೈಸೂರು ರಸ್ತೆಯ ನಡುವಿನಿಂದ ಎಳೆದು ತರುತ್ತಿದ್ದಳು. ಲಾರಿಯವನು ಬ್ರೇಕ್ ಹಾಕಿ ನಿಂತು ಬೈಯುತ್ತಿದ್ದ. ಭದ್ರ ನಗುತ್ತಿದ್ದಳು. ಅಷ್ಟು ನಕ್ಕದ್ದನ್ನು ನಾನು ಯಾವತ್ತೂ ನೋಡಿಲ್ಲ.

9-11-86, ಭಾನುವಾರ

ನಾಳೆ ಕಮಿಟಿ. ಗುಲ್ಜಾರ್ ಬೀ ಮಗಳ ಹೆರಿಗೆಗೆ ಮಾಗಡಿಗೆ ಹೋದಳು. ಇಷ್ಟು ವರ್ಷ ಪಕ್ಕದಲ್ಲೇ ಇದ್ದಳು. ಭದ್ರಳನ್ನು ಒಂದಿಷ್ಟು ಹೊತ್ತು ನಿನ್ನ ಜಗಲಿಯಲ್ಲಿ ಕೂರಿಸಿಕೋ ಅಂತ ನಾನು ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ಬೊಂಬೆ ಒಡೆದಾಳು, ಜನ ನಕ್ಕಾರು... ಕೇಳೋಣ ಅಂತ ಇವತ್ತು ಹೋದರೆ ಬಾಗಿಲು ಹಾಕಿತ್ತು.

ಸಾಹೇಬರ ಜೀಪು ಗೂಡು ತರಲು ಕೊಳ್ಳೇಗಾಲಕ್ಕೆ ಹೋಗಿದೆಯಂತೆ. ಎದುರುಮನೆಯವರನ್ನು ಕೇಳಿದೆ. ಆ ಹೆಂಗಸು ಭದ್ರಳನ್ನು ನೋಡಿ ಸೆರಗು ಎಳೆದುಕೊಂಡು ಒಳಗೆ ಹೋದಳು.

10-11-86, ಸೋಮವಾರ, ಬೆಳಿಗ್ಗೆ 9.40

ಬಸ್ಸು ಹತ್ತಕ್ಕೆ. ಅದು ತಪ್ಪಿದರೆ ಹನ್ನೊಂದಕ್ಕೆ ಮುಟ್ಟುವುದಿಲ್ಲ.

ಇವತ್ತು ಬೀಗ ಹಾಕುವುದಿಲ್ಲ ಅಂತ ನಿನ್ನೆ ದೇವರ ಮುಂದೆ ಹೇಳಿಕೊಂಡಿದ್ದೆ. ಏನು ಮಾಡುತ್ತೇನೆ ಅಂತ ಹೇಳಿರಲಿಲ್ಲ. ರಿಪೋರ್ಟ್ ಚೀಲದಲ್ಲಿದೆ. ಮುದ್ದೆ ಮುಚ್ಚಿಟ್ಟಿದ್ದೇನೆ. ಚಪ್ಪಲಿ ಮೆಟ್ಟಬಾರದಿತ್ತು. ಮೆಟ್ಟಿದೆ. ಭದ್ರ ಎದ್ದಳು. ಬಾಗಿಲ ಹಿಂದೆ ಹೋಗಿ ಕೂತಳು. ಎರಡೂ ಕಾಲು ಜೋಡಿಸಿ ಚಾಚಿದಳು. ಈಗ ಅವಳಿಗೆ ಬೀಗ, ಕಟ್ಟು ಎರಡೂ ಬೇಕು.

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹೋದರೆ ಇವಳು. ಹೋಗದಿದ್ದರೆ ಸಿದ್ದಮ್ಮ. ಎದೆಯಲ್ಲಿ ಯಾರೋ ಕೂತ ಹಾಗಿದೆ. ಬೀಗ ತೊಡೆಯ ಮೇಲಿದೆ. ಯಾವಾಗ ಕೈಗೆ ಬಂತೋ ತಿಳಿಯದು.

9.50

ಬಾಗಿಲನ್ನು ಒಳಗಿನಿಂದ ಅವಳೇ ಎಳೆದುಕೊಂಡಳು. ನನಗೆ ಸುಲಭವಾಗಲಿ ಅಂತ.

"ಅಣ್ಣ" ಅಂದಳು.

"ಹೂಂ" ಅಂದೆ.

"ಬೀಗ."

ಎದೆಯ ಭಾರ ಕೈಗೆ ಇಳಿದಿದೆ, ಅಕ್ಷರ ಸೊಟ್ಟಗಾಗುತ್ತಿವೆ.

ನಾನು