ಹೊಸೆಯದವರು ಮಾರುವಂತಿಲ್ಲ

ಕೆಸರೆ, ಮೈಸೂರು

ಊದುಬತ್ತಿ ಕಾರ್ಖಾನೆಯ ಮಾಲೀಕರಾದ ಚನ್ನಬಸಪ್ಪನವರಿಗೆ,

ಬುದ್ಧ ಪೂರ್ಣಿಮೆಗೆ ರಜೆ ಕೇಳಿದ್ದಕ್ಕೆ ನನ್ನ ಅಮ್ಮ ಮುದ್ದಮ್ಮನವರನ್ನು ಕೆಲಸದಿಂದ ತೆಗೆದಿರಿ. “ನಿನ್ ಮಗಳ ಕರಪತ್ರಾನೇ ಹೊಸೆದು ಮಾರ್ಕೊ ಹೋಗಮ್ಮ” ಎಂದು ಎಲ್ಲರೆದುರು ನಕ್ಕಿರಿ. ನಾನು ಹಂಚುತ್ತಿದ್ದ ಆ ಧಮ್ಮದ ಕರಪತ್ರಗಳಲ್ಲಿ ಓದಿದಂತೆಯೇ ನಾವು ಬುದ್ಧ ವಿಹಾರದಲ್ಲಿ ಊದುಬತ್ತಿ ಸಹಕಾರ ಸಂಘ ಕಟ್ಟಿದೆವು. ಇಲ್ಲಿ ಒಡೆಯರಿಲ್ಲ, ಬಂದ ಲಾಭ ಎಲ್ಲರಿಗೂ ಸಮಪಾಲು. ನಿಮ್ಮಲ್ಲಿ ಊದುಬತ್ತಿ ಹೊಸೆಯುತ್ತಿದ್ದ ಹೆಂಗಸರೆಲ್ಲ ಇಲ್ಲಿಗೇ ಬಂದರು.

ಈಗ ಕಾರ್ಖಾನೆಗೆ ಬೀಗ ಹಾಕಿ, ನಮ್ಮ ಊದುಬತ್ತಿಯನ್ನು ಮಾರಿಕೊಡುತ್ತೇನೆ ಎಂದು ಹೇಳಿ ಕಳಿಸಿದ್ದೀರಿ. ಸ್ವಂತ ಕೈಯಲ್ಲಿ ಹೊಸೆಯದವರು ಮಾರುವಂತಿಲ್ಲ, ಅದು ಸಂಘದ ನಿಯಮ. ಧಮ್ಮ ಯಾರಿಗೂ ಬಾಗಿಲು ಮುಚ್ಚುವುದಿಲ್ಲ. ಆದ್ದರಿಂದ ಸೋಮವಾರ ಹಳೇ ಬಟ್ಟೆ ಹಾಕಿಕೊಂಡು ಬನ್ನಿ. ಚಾಪೆಯ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತು ಕಲಿಯಿರಿ. ಅವರು ನಿಮ್ಮನ್ನು ಕ್ಷಮಿಸಿದ್ದಾರೆ. ನಾನು ಕ್ಷಮಿಸಿಲ್ಲ, ಇದ್ದಿಲು ಹಿಟ್ಟಿನಲ್ಲಿ ನಿಮ್ಮ ಕೈ ಕಪ್ಪಾಗುವುದನ್ನು ನೋಡಲು ಎದುರಿಗೇ ಕೂತಿರುತ್ತೇನೆ.

ಇತಿ,
ಮುದ್ದಮ್ಮನವರ ಮಗಳು
ಪ್ರೀತಿ