ಮಿಶ್ರಿಕೋಟಿಯನ್ನು ಹಿಡಿದು ನಿಂತವಳು

ಬಮ್ಮಿಗಟ್ಟಿ
೯ ಡಿಸೆಂಬರ್ ೨೦೨೫, ಮಂಗಳವಾರ

ಮಿಶ್ರಿಕೋಟಿಯ ಈರೇಶ ಅವರಿಗೆ ಹೆಂಡತಿ ಶೈಲಾ ಬರೆಯುವುದು.

ನಾವಿಲ್ಲಿ ಕ್ಷೇಮ, ನೀವೂ ಕ್ಷೇಮವೆಂದು ತಿಳಿದಿದ್ದೇನೆ ಎಂದು ಬರೆಯುವುದು ರೂಢಿ. ಕ್ಷೇಮವೋ ಅಲ್ಲವೋ ನನಗೇ ಸರಿಯಾಗಿ ತಿಳಿಯದ್ದರಿಂದ ಆ ಸಾಲು ಬಿಟ್ಟಿದ್ದೇನೆ. ಉಣ್ಣುತ್ತೇನೆ, ನಿದ್ದೆ ಬರುತ್ತದೆ. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆನಂತೆ. ಎಲ್ಲರೂ ಮುಖ ಕಿವುಚಿದರು, ನಾನು ಬಟ್ಟಲು ಖಾಲಿ ಮಾಡಿ ಎದ್ದೆ. ಅವ್ವ ನನ್ನನ್ನೇ ನೋಡುತ್ತಾ ಕೂತಿದ್ದಳು.

ಫೋನು ಇರುವಾಗ ಕಾಗದವೇಕೆ ಎಂದು ನೀವು ಕೇಳಬಹುದು. ನಿಮ್ಮ ಮೊಬೈಲು ನಿಮ್ಮದಲ್ಲ, ಇಡೀ ಊರಿನದು. ಕಟ್ಟೆಯ ಮೇಲೆ ಹೊಳೆಪ್ಪ ಮಾವ ಅದನ್ನು ಕಸಿದುಕೊಂಡು ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಇದನ್ನು ನೀವೊಬ್ಬರೇ ಓದಬೇಕು.

ಸಿಟ್ಟಿನಿಂದ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಸಿಟ್ಟು ಬಂದಿದ್ದರೆ ಬರೆಯುತ್ತಿರಲಿಲ್ಲ, ಬಂದು ಬೈಯುತ್ತಿದ್ದೆ. ನನ್ನ ಬಾಯಿ ನಿಮಗೆ ಗೊತ್ತಿದೆ. ಜೂನ್ ತಿಂಗಳಲ್ಲಿ ಕೂಸು ಹೋದಾಗಿನಿಂದ ಸಿಟ್ಟೂ ಇಲ್ಲ, ಅಳುವೂ ಇಲ್ಲ. ಕೈಮೇಲೆ ಮಲಗಿ ಎದ್ದಾಗ ಆ ಕೈ ನಮ್ಮದಲ್ಲ ಅನ್ನಿಸುತ್ತದಲ್ಲ, ನನಗೆ ಮೈಯೆಲ್ಲ ಹಾಗಿದೆ.

ನಾನು ಮನೆಗೆ ಬರಬೇಕು. ಈ ಪತ್ರದಲ್ಲಿರುವುದು ಇದೊಂದೇ ಮಾತು, ಉಳಿದದ್ದೆಲ್ಲ ಅದರ ಸುತ್ತಲಿನದು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳನ್ನು ಐದು ತಿಂಗಳಾದ ಮೇಲೆ ಗಂಡನ ಮನೆಯವರು ಬಂದು ಕರೆಯುತ್ತಾರೆ, ತವರಿನವರು ತೊಟ್ಟಿಲು, ಬುತ್ತಿ ಕೊಟ್ಟು ಕಳಿಸುತ್ತಾರೆ. ಕೂಸಿಲ್ಲದ ಬಾಣಂತಿಯನ್ನು ಯಾರು ಕರೆಯಬೇಕು, ಏನು ಕೊಟ್ಟು ಕಳಿಸಬೇಕು ಎಂಬುದಕ್ಕೆ ನಮ್ಮಲ್ಲಿ ಪದ್ಧತಿಯೇ ಇಲ್ಲ. ನಮ್ಮವ್ವ ಬಸವಣ್ಣೆವ್ವ, "ನಾವಾಗೇ ಕಳಿಸಿದ್ರ ಮಗಳು ಭಾರ ಆದ್ಲು ಅಂತಾರ, ಅವರ ಬಂದು ಕರೀಲಿ" ಅನ್ನುತ್ತಾಳೆ. ಅಲ್ಲಿ ನಿಮ್ಮವ್ವ ನೀಲಕ್ಕ, "ನಾವಾಗೇ ಕರದ್ರ ಕೆಲಸಕ್ಕ ಕರದ್ರು ಅಂತಾರ, ಅವರ ಕಳಿಸ್ಲಿ" ಅಂದರಂತೆ. ಇಬ್ಬರದೂ ಮರ್ಯಾದೆಯ ಮಾತೇ, ಯಾರಿಗೂ ಕೆಟ್ಟ ಮನಸ್ಸಿಲ್ಲ. ಆರು ತಿಂಗಳಾಯಿತು, ನಾನು ಇಲ್ಲೇ ಇದ್ದೇನೆ.

ಅಷ್ಟರಲ್ಲಿ ನಿಮ್ಮಿಂದ ಒಂದು ಸಂದೇಶ ಬಂತು. ಮಣ್ಣು ಮಾಡಿ ಹೋದ ಮೇಲೆ ನೀವು ಕಳಿಸಿದ ಮೊದಲನೆಯದು. ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬಂದು ನೋಡಿದೆ. "ಮಿಶ್ರಿಕೋಟಿ ಕಬಡ್ಡಿ ಅಭಿಮಾನಿಗಳೇ, ಏಳ್ರಿ! ಗಡಿ ಆಟಕ್ಕ ಹೆಸರು ಹಚ್ಚ್ರಿ! ನಮ್ಮೂರ ಸೊಸೆಯಂದಿರು ಎಲ್ಲೇ ಇದ್ರೂ ನಮ್ಮವರ!" ಊರಿಗೆಲ್ಲ ಕಳಿಸಿದ್ದನ್ನೇ ನನಗೂ ದಾಟಿಸಿದ್ದಿರಿ. ಹಾಲು ಉಕ್ಕಿತು. ಆದರೂ ಸೊಸೆಯಂದಿರು ಎಂಬ ಶಬ್ದವನ್ನು ನಾನು ಮತ್ತೆ ಮತ್ತೆ ಓದಿದೆ.

ಆಟವೇನೆಂದು ತಿಳಿಸಿದವಳು ಬಾಜು ಮನೆಯ ರುಬಿಯಾ. ಹುಬ್ಬಳ್ಳಿಯ ಯಾರೋ ಕಬಡ್ಡಿ ಹುಚ್ಚರು ಕಟ್ಟಿದ್ದಂತೆ. ಅಂಗಳದಲ್ಲಿ ಆಡುವವರು ಏಳು ಮಂದಿ, ಹೊರಗೆ ನಿಂತು ಕೇಕೆ ಹಾಕುವವರು ಇಡೀ ಊರು. ಇಲ್ಲಿ ಕೇಕೆ ಹಾಕುವವರೇ ಆಡಬೇಕು. ಮೊಬೈಲಿನಲ್ಲಿ ಜಿಲ್ಲೆಯ ನಕ್ಷೆ, ತಂಡವಿರುವ ಪ್ರತಿ ಊರಿಗೂ ಒಂದೊಂದು ಬಣ್ಣ. ನಿನ್ನ ಊರು ಯಾವುದು ಎಂದು ಕೇಳುತ್ತದೆ. ಒಮ್ಮೆ ಹೇಳಿದರೆ ಆಟ ಮುಗಿಯುವವರೆಗೆ ಬದಲಿಸುವಂತಿಲ್ಲ. ಆಮೇಲೆ ದಿನಕ್ಕೊಂದು ಸಲ ಒತ್ತಬೇಕು: ಬಾಜು ಊರಿನ ಮೇಲೆ ಏರಿ ಹೋಗುವುದು, ಇಲ್ಲವೇ ನಮ್ಮ ಊರನ್ನು ಹಿಡಿದು ನಿಲ್ಲುವುದು. ಮಂದಿ ಹೆಚ್ಚಿದ್ದವರ ಬಣ್ಣ ಸಂಜೆಗೆ ಹರಡಿರುತ್ತದೆ. ಆದರೆ ಒಬ್ಬರೇ ಒಬ್ಬರು ಹಿಡಿದು ನಿಂತಿದ್ದರೂ ಆ ದಿನ ಮೂಲ ಊರು ಬೀಳುವುದಿಲ್ಲ. ಹಾಗಾದರೆ ನೀನು ನಮ್ಮ ಬಮ್ಮಿಗಟ್ಟಿಗೆ ಹಚ್ಚಿದೆಯಾ ಎಂದು ಕೇಳಿದರೆ ರುಬಿಯಾ ನಕ್ಕಳು. "ನಂದು ಯಮನೂರ ಅಲ್ಲೇನ? ತವರು ಬಿಟ್ಟು ಹ್ಯಾಂಗ ಹಚ್ಚಲಿಬೇ?"

ನೀವು ಮಣ್ಣು ಮುಕ್ಕಿದ್ದು ಇಲ್ಲಿಯೇ. ಮನೆಮನೆಯ ಸೊಸೆಯಂದಿರನ್ನು ಲೆಕ್ಕಕ್ಕೆ ಹಿಡಿದು ಗೆದ್ದೇ ಬಿಟ್ಟೆವೆಂದು ಕೂತಿರಿ. ಪಂದ್ಯ ನೋಡಲು ಹೋದಾಗ ಹೆಂಗಸರು ಯಾವ ಊರಿಗೆ ಕೇಕೆ ಹಾಕುತ್ತಾರೆಂದು ನಿಮ್ಮಲ್ಲಿ ಒಬ್ಬರೂ ತಿರುಗಿ ನೋಡಿದವರಲ್ಲ. ಸೊಸೆಯಂದಿರೆಲ್ಲ ತಂತಮ್ಮ ತವರಿಗೆ ಹಚ್ಚಿಕೊಂಡರು. ಮೂವತ್ತು ವರ್ಷ ನಿಮ್ಮ ಮನೆಯ ಒಲೆ ಹೊತ್ತಿಸಿದ ನೀಲಕ್ಕತ್ತೆಯೇ ಅಣ್ಣಿಗೇರಿಗೆ ಹಚ್ಚಿದ್ದರಂತಲ್ಲ! ಮೊದಲ ವಾರದಲ್ಲೇ ನಿಮ್ಮ ಕೆಂಪು ಬಣ್ಣ ಕರಗಿತು, ಉಳಿದದ್ದು ಮಿಶ್ರಿಕೋಟಿಯೊಂದೇ. ಇದನ್ನು ಕೇಳಿದಾಗ ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಈಗ ನನ್ನದು. ಇಲ್ಲಿ ಬಮ್ಮಿಗಟ್ಟಿಯ ದಂಡನಾಯಕ ನಮ್ಮಣ್ಣ ಹೇಮಂತನೇ. ಪಡಸಾಲೆಯಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಮಿಶ್ರಿಕೋಟಿಯನ್ನು ಹೇಗೆ ಕೆಡವಬೇಕೆಂದು ಮಸಲತ್ತು ಮಾಡುತ್ತಾನೆ, ನಾನು ಚಹಾ ಕೊಡುತ್ತೇನೆ. ನನ್ನ ಹೆಸರೂ ತನ್ನ ಲೆಕ್ಕದಲ್ಲಿದೆ ಎಂದುಕೊಂಡಿದ್ದ. ಅತ್ತ ನೀವೂ ಹಾಗೆಯೇ ಅಂದುಕೊಂಡಿರಬೇಕು. ಇಬ್ಬರೂ ನನ್ನನ್ನು ಕೇಳಿದ್ದಿಲ್ಲ. ಮೊಬೈಲು ಮಾತ್ರ ಕೇಳಿತು, ನಿನ್ನ ಊರು ಯಾವುದು ಎಂದು. ನನಗೆ ತಿಳಿಯಲಿಲ್ಲ. ಕಡೆಗೆ, ಯಾವ ಊರೆಂಬುದರಲ್ಲಿ ಸಂಶಯವೇ ಇಲ್ಲದ ಒಬ್ಬಳ ಹೆಸರನ್ನು ಬರೆದೆ. ಸೌಂದರ್ಯಾ. ಊರು ಮಿಶ್ರಿಕೋಟಿ.

ಹೌದು, ನಿಮ್ಮ ಆ ಸೌಂದರ್ಯಾ ನಾನೇ. ಭತ್ತದ ಸುಗ್ಗಿ ಬಂದು ನಿಮ್ಮ ಗಂಡಾಳುಗಳೆಲ್ಲ ಗದ್ದೆಗೆ ಹೋಗಿ ಒತ್ತುವುದನ್ನೇ ಮರೆತಾಗ, ನೀವೂ ರಾಶಿಯಲ್ಲಿ ಮುಳುಗಿದ್ದಾಗ, ಅಂಗಳ ಬಳಿದು ಕೈತೊಳೆದುಕೊಂಡು ದಿನಾ ಊರು ಹಿಡಿದು ನಿಂತವಳು ನಾನು. ಒಮ್ಮೆಯೂ ಯಾರ ಮೇಲೂ ಏರಿ ಹೋಗಲಿಲ್ಲ. ಹೇಮಂತ ಹಲ್ಲು ಕಡಿಯುತ್ತಿದ್ದ, "ಯಾರಲೇ ಈ ಸೌಂದರ್ಯಾ, ಒಬ್ಬಾಕಿ ಸಲವಾಗಿ ಊರು ಬೀಳವಲ್ದು" ಎಂದು. ನಾನು ಅವನಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಆಟದೊಳಗೆ ಊರವರು ಮಾತಾಡಿಕೊಳ್ಳುವ ಜಾಗದಲ್ಲಿ ನೀವು ನನ್ನನ್ನು ಹುಡುಕಿದಿರಿ. ಸೌಂದರ್ಯಾ ಯಾರ ಮಗಳು ಎಂದು ಹೊಳೆಪ್ಪ ಮಾವ ಮನೆಮನೆಗೂ ಹೋಗಿ ಕೇಳಿದರಂತೆ. ಊರಿನಲ್ಲಿ ಆ ಹೆಸರಿನವರೇ ಇಲ್ಲ. ನೀವು ಮಾತ್ರ, "ಯಾರರ ಇರ್ಲಿ ಬಿಡ್ರಿ, ಆಕಿ ನಮ್ಮೂರ ಮಗಳು" ಎಂದು ಬರೆದಿರಿ. ಆಮೇಲೆ ಅವಳೊಬ್ಬಳಿಗೇ ದಿನಾ ಬರೆಯತೊಡಗಿದಿರಿ. "ಇವತ್ತೂ ಊರು ಉಳಿಸಿದಿ ಯವ್ವಾ, ಊಟ ಆತೇನು?" ಹೆಂಡತಿಗೆ ಊಟವಾಯಿತೇ ಎಂದು ಕೇಳದವರು ಗುರುತಿಲ್ಲದವಳಿಗೆ ಕೇಳಿದಿರಿ. ಆತ್ರಿ ಎಂದಷ್ಟೇ ಬರೆದೆ.

ಹೋದ ಗುರುವಾರ ನೀವು ಬರೆದದ್ದು ನನಗೆ ಬಾಯಿಪಾಠವಾಗಿದೆ. "ನಂಗೂ ಒಬ್ಬಾಕಿ ಮಗಳಿದ್ಲು ಯವ್ವಾ. ಎತ್ತಿಕೊಂಡು ಹೋಗುಮುಂದ ಅಗದಿ ಹಗೂರ ಇದ್ಲು. ಈಗ ಭಾಳ ವಜ್ಜಿ ಆಗ್ಯಾಳ. ಆಕಿ ಅವ್ವಗ ಮಾರಿ ತೋರಸಾಕ ಆಗವಲ್ದು ನನಗ."

ಅಂದು ನನಗೆ ಅಳು ಬಂತು. ಅವ್ವ ಓಡಿ ಬಂದಳು, ಒಲೆಯ ಹೊಗೆ ಎಂದೆ. ನಮ್ಮ ಮನೆಯಲ್ಲಿರುವುದು ಗ್ಯಾಸು. ಅವ್ವ ನನ್ನ ತಲೆ ಸವರಿ ಹೋದಳು. ಮರುದಿನ ಮೈ ಮತ್ತೆ ಮೊದಲಿನಂತೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೀವು ನನ್ನನ್ನು ಮರೆತು ಆಟ ಆಡುತ್ತಿಲ್ಲ, ಮುಖ ಮುಚ್ಚಿಕೊಳ್ಳಲು ಆಡುತ್ತಿದ್ದೀರಿ ಎಂದು ತಿಳಿಯಿತು.

ಈಗ ಕೇಳಿ. ಹೆಸರಿಡಲು ತೊಟ್ಟಿಲ ಕಾರ್ಯ ಆಗಬೇಕು, ಸೋದರತ್ತೆ ಬರಬೇಕು. ಅದ್ಯಾವುದೂ ಆಗಲಿಲ್ಲ. ಆಕೆಗೆ ಹೆಸರು ಬೇಕೇ ಎಂದು ಯಾರೂ ಕೇಳಲಿಲ್ಲ. ಹೊಟ್ಟೆಯಲ್ಲಿದ್ದಾಗಲೇ ನಾನು ಯಾರಿಗೂ ಹೇಳದೆ ಒಂದು ಹೆಸರಿನಿಂದ ಕರೆಯುತ್ತಿದ್ದೆ. ನೀವು ಊಟ ಆತೇನು ಎಂದು ಕೇಳುತ್ತಿದ್ದುದು ಆ ಹೆಸರಿನವಳನ್ನೇ. ಸೌಂದರ್ಯಾ ಯಾರ ಮಗಳು ಎಂದು ಹೊಳೆಪ್ಪ ಮಾವನಿಗೆ ಬೇಕಾದರೆ ನೀವೇ ಹೇಳಿ, ಬೇಡವಾದರೆ ಬಿಡಿ.

ಹಿರಿಯರನ್ನು ಕೂಡಿಸಿಕೊಂಡು ಬರಬೇಡಿ. ಅವರು ಬಂದರೆ ಮತ್ತೆ ಯಾರು ಮೊದಲು ಮಾತು ತೆಗೆಯಬೇಕೆಂದು ಕೂರುತ್ತಾರೆ. ನೀವೊಬ್ಬರೇ ಗಾಡಿ ತೆಗೆದುಕೊಂಡು ಬನ್ನಿ. ಬಾಗಿಲಲ್ಲಿ ನಿಂತು "ಶೈಲಾ, ನಡಿ, ಹೋಗೂಣು" ಅನ್ನಿ, ಸಾಕು. ಅವ್ವನಿಗೆ ನಾನು ಹೇಳಿಕೊಳ್ಳುತ್ತೇನೆ. ಹೇಮಂತ ನಿಮ್ಮನ್ನು ಬೈದರೆ ಆಟದ ಸಿಟ್ಟೆಂದು ತಿಳಿಯಿರಿ.

ಮಾರಿ ತೋರಿಸಲು ಆಗುವುದಿಲ್ಲ ಎಂದಿರಲ್ಲ, ನನಗೂ ಹಾಗೆಯೇ ಇದೆ. ಇಬ್ಬರೂ ನೆಲ ನೋಡುತ್ತಾ ಬಂದರಾಯಿತು.

ಇಂತಿ ನಿಮ್ಮ
ಶೈಲಾ
(ಸೌಂದರ್ಯಾಳ ಅವ್ವ)

ತಾ. ಕ.: ಒಂದನ್ನು ಮುಚ್ಚಿಟ್ಟು ಸಹಿ ಮಾಡಿದ್ದೆ, ಮನಸ್ಸು ತಡೆಯಲಿಲ್ಲ. ನಾನು ಒಮ್ಮೆ ಬಂದಿದ್ದೆ. ಗುರುವಾರ ನಿಮ್ಮ ಆ ಮಾತು ಓದಿದ ಮೇಲೆ, ಶನಿವಾರ ರುಬಿಯಾಳ ಸಂಗಡ ಸಂತೆಗೆ ಹೋಗುತ್ತೇನೆಂದು ಹೇಳಿ, ಕಲಘಟಗಿಯಲ್ಲಿ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಸೀರೆ ಇದ್ದವು. ಮಿಶ್ರಿಕೋಟಿಯಲ್ಲಿ ಬಸ್ಸು ನಿಂತಾಗ ಇಳಿಯಲೆಂದು ಎದ್ದೆ. ನೀವು ಹೊರಗಿದ್ದಿರಿ. ಆಟಕ್ಕೆ ಮಂದಿ ಕೂಡಿಸಲು ಮೊಬೈಲು ಹಿಡಿದುಕೊಂಡು ಕಿಟಕಿಯಿಂದ ಕಿಟಕಿಗೆ ಬರುತ್ತಿದ್ದಿರಿ. ನನ್ನ ಮುಂದಿನ ಸೀಟಿನವಳನ್ನು ಕೇಳಿದಿರಿ, "ಅಕ್ಕಾರ, ನಿಮ್ಮೂರು ಯಾವುದ್ರಿ?" ಅದರ ನಂತರದ ಕಿಟಕಿ ನನ್ನದು. ಆ ಪ್ರಶ್ನೆಯನ್ನು ನನಗೂ ಕೇಳಿಬಿಟ್ಟರೆ ಏನು ಹೇಳಲಿ ಎಂದು ಗಾಬರಿಯಾಗಿ, ಕೂತು ಸೆರಗು ಮುಖಕ್ಕೆಳೆದುಕೊಂಡೆ. ಅಷ್ಟರಲ್ಲಿ ಯಾರೋ ಕರೆದರು, ನೀವು ಹೋದಿರಿ. ಕಂಡಕ್ಟರು, "ಮಿಶ್ರಿಕೋಟಿ ಬಂತ್ರೀ, ಇಳೀತೀರಿಲ್ಲೋ?" ಅಂದ. ಇಲ್ರಿ, ಮುಂದೆ ಹೋಗಬೇಕು ಅಂದೆ. ಹುಬ್ಬಳ್ಳಿಯವರೆಗೂ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಸಂಜೆಯೊಳಗೆ ಬಮ್ಮಿಗಟ್ಟಿಗೆ ಬಂದೆ. ನಾನಾಗಿಯೇ ಇಳಿಯಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಬಂದು ಕರೆಯಿರಿ ಅನ್ನುತ್ತಿದ್ದೇನೆ.