ಮೂವತ್ತೆಂಟು ಸೆಕೆಂಡು

ಮನೆಯಿಂದ,
ಹದಿನಾಲ್ಕನೆಯ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಕೈ ಹೇಗಿದೆ? ಮಣಿಕಟ್ಟಿನ ಊತ ಇಳಿದಿದೆ ಎಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಎಷ್ಟು ಇಳಿದಿದೆ ಎಂದು ಕೇಳಿದರೆ ‘ಪರವಾಗಿಲ್ಲ ಮಾವ’ ಎಂದು ಮಾತು ಮುಗಿಸಿದಳು. ಪರವಾಗಿಲ್ಲ ಎಂಬುದು ಒಂದು ಅಳತೆಯಲ್ಲ. ಬೆರಳುಗಳನ್ನು ಪೂರ್ತಿ ಮಡಿಸಲು ಬರುತ್ತದೆಯೇ, ಲೋಟ ಎತ್ತಿದಾಗ ಹೆಬ್ಬೆರಳಿನ ಬುಡದಲ್ಲಿ ಇನ್ನೂ ಚಳುಕು ಹೊಡೆಯುತ್ತದೆಯೇ, ವೈದ್ಯರು ಕೊಟ್ಟ ಪಟ್ಟಿಯನ್ನು ಕಟ್ಟಿಕೊಂಡೇ ಮಲಗುತ್ತೀಯೋ ಅಥವಾ ಸೆಖೆಯೆಂದು ಬಿಚ್ಚಿ ಎಸೆಯುತ್ತೀಯೋ, ಇವೆಲ್ಲ ನನಗೆ ತಿಳಿಯಬೇಕೆನಿಸುತ್ತದೆ. ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ಆದರೆ ‘ನಿನ್ನ ಹತ್ರ ಫೋನಲ್ಲಿ ಮಾತಾಡೋದೂ ಗೋಡೆ ಹತ್ರ ಮಾತಾಡೋದೂ ಒಂದೇ ಕಣೋ, ಗೋಡೆ ಹ್ಞೂಂ ಅನ್ನಲ್ಲ ಅಷ್ಟೇ’ ಎಂದು ನೀನೇ ಹೇಳಿದ್ದೀಯಲ್ಲ.

ಇಲ್ಲಿ ನಾವು ಕ್ಷೇಮ. ವಾರಕ್ಕೆರಡು ಸಲ ನಿನ್ನ ಮನೆಯ ಬೀಗ ತೆಗೆದು ಕಿಟಕಿಗಳನ್ನು ತೆರೆದಿಟ್ಟು ಬರುತ್ತಿದ್ದೇನೆ. ಮೆಟ್ಟಿಲ ಬಳಿಯ ಕುಂಡಗಳಿಗೆ ನೀರು ಹಾಕುವ ಹೊಣೆ ಇವಳದು. ನನಗೆ ಬಿಟ್ಟರೆ ಲೀಟರಿನ ಲೆಕ್ಕದಲ್ಲಿ ಹಾಕಿ ಗಿಡಗಳನ್ನು ಸಾಯಿಸುತ್ತೇನಂತೆ. ನಿನ್ನ ಪಕ್ಕದ ಬೆಂಚಿನವಳು, ನೀವೆಲ್ಲ ರೇಡಿಯೊ ಎಂದು ಕರೆಯುವಾಕೆ, ಕಾರ್ಖಾನೆಯ ಗೇಟಿನ ಬಳಿ ಸಿಕ್ಕಿ, ‘ನಿಮ್ಮಕ್ಕನಿಗೆ ಹೇಳಪ್ಪ, ಅವಳಿಲ್ದೆ ನನ್ನ ಬಾಯಿಗೆ ಬೀಗ ಹಾಕೋರೇ ಇಲ್ಲ’ ಎಂದಳು. ಅಷ್ಟು ಹೇಳಿ ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ‘ಬೀಗ ಯಾಕೆ ಬೇಕು, ಈಗ ಬಾಯಿ ತೆಗೆದ್ರೆ ದೀಪಾನೇ ಕೆಂಪಾಗುತ್ತೆ’ ಎಂದಳು. ನೀನು ರಜೆ ಹಾಕಿದ ಮೇಲೆ ಬಂದ ವ್ಯವಸ್ಥೆ ಇದು. ಬೆಂಚಿನ ಕಂಪ್ಯೂಟರ್ ಪರದೆಗಳ ಮೇಲೆ ಒಂದೊಂದು ದೀಪ ಕೂರಿಸಿದ್ದಾರೆ. ವೈರುಗಳ ಒಂದು ಕಂತೆಯನ್ನು ಮೂವತ್ತೆಂಟು ಸೆಕೆಂಡಿನೊಳಗೆ ಕಟ್ಟಿದರೆ ಹಸಿರು, ಮೀರಿದರೆ ಕೆಂಪು, ಇಡೀ ಸಾಲಿಗೆ ಕಾಣುವ ಹಾಗೆ.

ಕಳೆದ ಸೋಮವಾರ ಒಂದು ಪಟ್ಟಿ ಬಂತು. ಸತತ ಮೂರು ತಿಂಗಳು ಈ ವೇಳೆಯನ್ನು ಮೀರಿದವರ ಪಟ್ಟಿ. ಹನ್ನೊಂದು ಹೆಸರುಗಳಿದ್ದವು, ನಾಲ್ಕನೆಯದು ನಿನ್ನದು. ನೀನು ರಜೆ ಹಾಕುವ ಮುಂಚಿನ ಮೂರು ತಿಂಗಳನ್ನು ಹಿಡಿದಿದ್ದಾರೆ, ಅಂದರೆ ಊದಿದ ಕೈಯಲ್ಲೇ ನೀನು ಬೆಂಚಿಗೆ ಕೂತಿದ್ದ ತಿಂಗಳುಗಳು. ಪಟ್ಟಿಯಲ್ಲಿರುವವರನ್ನು ಸಾಮರ್ಥ್ಯದ ಕೊರತೆಯ ಕಾರಣ ಕೊಟ್ಟು ತೆಗೆದುಹಾಕಲು ಕಂಪನಿಗೆ ಅಧಿಕಾರವಿದೆ. ನಿನ್ನ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಅದಕ್ಕೆ ಮುನ್ನ ಹೀಗೆ ಹೊರಗೆ ಹಾಕಿದರೆ ಪಿಂಚಣಿಯೂ ಇಲ್ಲ, ಕೈಯ ಚಿಕಿತ್ಸೆಯ ಹೊಣೆಯೂ ಕಂಪನಿಯದಲ್ಲ.

ಆ ಮೂವತ್ತೆಂಟು ಎಲ್ಲಿಂದ ಬಂತೆಂದು ನೀನು ನನ್ನನ್ನು ಒಮ್ಮೆಯೂ ಕೇಳಿಲ್ಲ. ಅದರ ಅರ್ಧ ನಿನಗೆ ಗೊತ್ತು. ಉಳಿದರ್ಧವನ್ನು ಹತ್ತೊಂಬತ್ತು ವರ್ಷ ನಾನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೇನೆ. ನಾನು ಈ ಕಾರ್ಖಾನೆಗೆ ಸೇರಿ ಎರಡು ತಿಂಗಳಾಗಿತ್ತು. ಕಂತೆಯೊಂದಕ್ಕೆ ಎಷ್ಟು ಹೊತ್ತು ಬೇಕೆಂದು ಅಳೆದು ಕೊಡು ಎಂದು ಹಳೆಯ ಯಜಮಾನರು ಹೇಳಿದ್ದರು. ಯಾರನ್ನು ಅಳೆಯುವುದೆಂದು ನಾನು ಸಾಲಿನ ಮುಂದೆ ತಡವರಿಸುತ್ತಿದ್ದಾಗ ನೀನೇ ಕೂಗಿದೆ: ‘ಬಾರೋ ಇಂಚುಪಟ್ಟಿ, ನನ್ನನ್ನೇ ಅಳೆದುಕೋ!’ ಇಡೀ ಸಾಲು ನಕ್ಕಿತು. ಹದಿಮೂರು ವೈರು, ಐದು ಕಡೆ ಟೇಪು, ಮೂರು ಕ್ಲಿಪ್ಪು. ಮೊದಲ ಕಂತೆ ಮುಗಿಯುವಷ್ಟರಲ್ಲೇ ಇದು ನಿನ್ನ ದಿನನಿತ್ಯದ ವೇಗವಲ್ಲವೆಂದು ನನಗೆ ತಿಳಿಯಿತು. ತಮ್ಮ ಹೊಸಬ, ಕೈಯಲ್ಲಿ ಸ್ಟಾಪ್‌ವಾಚು, ಸುತ್ತ ಜನ. ಅವನಿಗೆ ಅವಮಾನವಾಗಬಾರದೆಂದು ನೀನು ಓಡಿದೆ. ಇಪ್ಪತ್ತು ಕಂತೆಗಳ ಸರಾಸರಿ ಮೂವತ್ತೆಂಟು ಸೆಕೆಂಡು ಬಂತು.

ಇಂಥ ಸಂದರ್ಭಕ್ಕೆಂದೇ ನಮ್ಮ ನಮೂನೆಯಲ್ಲಿ ಒಂದು ಕಾಲಮು ಇರುತ್ತದೆ. ಅಳತೆಗೆ ಕೂತವರ ವೇಗ ಸಾಮಾನ್ಯವೇ, ಹೆಚ್ಚೇ, ಕಡಿಮೆಯೇ ಎಂದು ಅಲ್ಲಿ ಬರೆಯಬೇಕು. ಕಾಲುಪಾಲು ಹೆಚ್ಚು ಎಂದು ಇದ್ದದ್ದನ್ನು ಇದ್ದಂತೆ ಬರೆದಿದ್ದರೆ ನಿಗದಿಯ ವೇಳೆ ನಲವತ್ತೇಳೂವರೆ ಸೆಕೆಂಡಾಗುತ್ತಿತ್ತು. ಎಲ್ಲರಿಗಿಂತ ಅಕ್ಕನೇ ಚುರುಕು ಎಂದು ತಮ್ಮ ಬರೆದುಕೊಟ್ಟನಂತೆ ಎಂದು ನಾಲ್ಕು ಜನ ಆಡಿಕೊಂಡಾರೆಂದು ಹೆದರಿದೆ. ‘ಸಾಮಾನ್ಯ’ ಎಂದು ಬರೆದೆ. ಪಕ್ಷಪಾತ ಮಾಡಲಿಲ್ಲವೆಂದು ಆ ಸಂಜೆ ನನಗೆ ಹೆಮ್ಮೆಯೂ ಆಗಿತ್ತು.

ಹಳೆಯ ಯಜಮಾನರ ಕಾಲದಲ್ಲಿ ಆ ಅಂಕಿ ರಿಜಿಸ್ಟರಿನಲ್ಲಿ ಮಲಗಿತ್ತು. ಅವರಿಗೆ ಸಂಜೆಗೆ ಲಾರಿ ತುಂಬಿದರೆ ಸಾಕಾಗಿತ್ತು. ಅವರೇನೂ ದೇವರಂಥವರಲ್ಲ, ಸಂಬಳದ ಮಾತೆತ್ತಿದರೆ ಕಿವುಡರಾಗುತ್ತಿದ್ದರು. ಆದರೆ ‘ಯಜಮಾನ್ರೇ, ಫ್ಯಾನು ತಿರುಗ್ತಿಲ್ಲ, ನಮ್ಮ ತಲೆ ತಿರುಗ್ತಿದೆ’ ಎಂದು ನೀನು ಅವರನ್ನು ಅಡ್ಡಗಟ್ಟಿ ಕೇಳಬಹುದಿತ್ತು, ಮರುದಿನ ಫ್ಯಾನು ಬರುತ್ತಿತ್ತು. ಬೈಯಲು ಎದುರಿಗೊಂದು ಮುಖವಿತ್ತು. ಮೂರು ವರ್ಷದ ಹಿಂದೆ ಕಾರ್ಖಾನೆ ಕೈ ಬದಲಿಸಿದಾಗ ಹೊಸ ಕಂಪನಿ ಯಂತ್ರಗಳ ಜೊತೆಗೆ ನನ್ನ ರಿಜಿಸ್ಟರನ್ನೂ ಕೊಂಡುಕೊಂಡಿತು. ಮಲಗಿದ್ದ ಅಂಕಿ ಎದ್ದು ಕೂತಿತು. ತಪ್ಪು ನನ್ನದೆಂದು ಹೇಳದೆ ನಾನು ಆಗಲೂ ಸುಮ್ಮನಿದ್ದೆ.

ಬುಧವಾರ ಹೋಗಿ ಹೇಳಿದೆ. ಹೊಸ ವ್ಯವಸ್ಥಾಪಕ ನಿನ್ನ ಮಗಳ ವಯಸ್ಸಿನವನು, ಕೆಟ್ಟವನಲ್ಲ. ಕುರ್ಚಿ ಎಳೆದು ಕೂರಿಸಿ ಪೂರ್ತಿ ಕೇಳಿಸಿಕೊಂಡ. ‘ನೀವು ಹೇಳೋದು ಸರಿ ಇರಬಹುದು ಸರ್. ಆದ್ರೆ ಈ ಮೂವತ್ತೆಂಟು ಈಗ ನಮ್ಮದೊಂದೇ ಅಲ್ಲ. ಇನ್ನೂ ಏಳು ಕಾರ್ಖಾನೆಗೆ ಇದನ್ನೇ ಕೊಟ್ಟಿದ್ದಾರೆ. ಗಿರಾಕಿಗಳಿಗೆ ದರ ಹೇಳಿರೋದೂ ಇದರ ಮೇಲೇನೇ’ ಎಂದ. ಇದನ್ನು ಬದಲಿಸುವ ಅಧಿಕಾರ ಯಾರಿಗಿದೆ ಎಂದು ಕೇಳಿದೆ. ‘ಗೊತ್ತಿಲ್ಲ ಸರ್. ಗೊತ್ತಾದ್ರೆ ನನಗೂ ಹೇಳಿ, ನನ್ನ ಟಾರ್ಗೆಟ್ಟೂ ಸ್ವಲ್ಪ ಇಳಿಸ್ಕೋಬೇಕು’ ಎಂದ. ಇಬ್ಬರೂ ನಕ್ಕೆವು. ನಕ್ಕಿದ್ದಕ್ಕೆ ನನಗೆ ಇನ್ನೂ ನಾಚಿಕೆಯಾಗುತ್ತಿದೆ.

ತಿದ್ದುಪಡಿ ಕೇಳಲು ಒಂದು ಅರ್ಜಿ ಇದೆ ಎಂದು ಅವನೇ ಹುಡುಕಿ ಕೊಟ್ಟ. ತುಂಬುತ್ತ ಹೋಗಿ ಕೊನೆಯ ನಿಬಂಧನೆಯ ಬಳಿ ನಿಂತೆ. ಹಳೆಯ ಅಳತೆಯನ್ನು ಪ್ರಶ್ನಿಸಿದರೆ ಎಂಟೂ ಕಾರ್ಖಾನೆಗಳ ಕ್ಯಾಮೆರಾ ದಾಖಲೆಗಳಿಂದ ಹೊಸದಾಗಿ ಅಳೆಯುತ್ತಾರೆ. ಅದರಲ್ಲಿ ಅತಿ ಕಡಿಮೆ ಬಂದ ವೇಳೆಯೇ ಎಲ್ಲರಿಗೂ ಹೊಸ ನಿಗದಿ. ಈಗ ಅತಿ ಕಡಿಮೆ ಎಷ್ಟಿದೆ ಎಂದು ಕೇಳಿದೆ. ಮೂವತ್ತಾರಂತೆ. ಎಲ್ಲೋ ಒಂದು ಊರಿನಲ್ಲಿ ಯಾರೋ ಒಬ್ಬಳು ಮೂವತ್ತಾರು ಸೆಕೆಂಡಿಗೆ ಕಂತೆ ಕಟ್ಟುತ್ತಿದ್ದಾಳೆ. ಅವಳ ಪಕ್ಕದಲ್ಲಿ ಯಾರು ನಿಂತಿದ್ದರೋ, ಯಾರ ಮಾನ ಉಳಿಸಲು ಅವಳು ಓಡಿದಳೋ. ಅರ್ಜಿಯನ್ನು ಅಲ್ಲೇ ಹರಿದೆ.

ಇದನ್ನು ಬರೆಯುತ್ತಿರುವಾಗ ಹಿಂದಿನ ಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿದೆ. ಅದರ ಹೊಟ್ಟೆಯಲ್ಲೂ ನಿಮ್ಮ ಸಾಲಿನ ಒಂದು ಕಂತೆ ಇದೆ. ಹೋದ ವರ್ಷ ಅದರ ಬೆಲೆ ಇಳಿದಾಗ ಅಂಗಡಿಯಲ್ಲಿ ನಿಂತು ಸಂತೋಷಪಟ್ಟವನು ನಾನೇ. ಕೆಟ್ಟ ಯಂತ್ರವಾದರೆ ದೋಷ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಲ್ಲೆ. ಇದರಲ್ಲಿ ಬೆರಳಿಡುತ್ತ ಹೋದರೆ ಪ್ರತಿಯೊಬ್ಬರೂ ಪಕ್ಕದವರನ್ನು ತೋರಿಸುತ್ತಾರೆ, ಅವರು ತೋರಿಸುವುದೂ ಸುಳ್ಳಲ್ಲ.

ಕೈಗೆ ಶಾಖ ಕೊಡುವುದನ್ನು ತಪ್ಪಿಸಬೇಡ. ಮೊಮ್ಮಗುವನ್ನು ಎಡಗೈಯಲ್ಲೇ ಎತ್ತಿಕೋ. ಸುಮ್ಮನೆ ಕೂರಲಾಗದೆ ಮಗಳ ಅಡುಗೆಮನೆಗೆ ನುಗ್ಗಿ ಅವಳ ಮೇಲೆ ರೇಗಬೇಡ. ಇವಳು ನಿನ್ನನ್ನು ಬಹಳ ಕೇಳಿದ್ದಾಳೆ. ದೊಡ್ಡವಳು ನೀನು, ನಮ್ಮ ಮೇಲೆ ನಿನ್ನ ಆಶೀರ್ವಾದವಿರಲಿ ಎಂದು ಎಂದಿನಂತೆ ಕೇಳುತ್ತಿದ್ದೇನೆ. ಈ ಸಲ ಕೊಡಲೇಬೇಕೆಂದಿಲ್ಲ.

ನಿನ್ನ ತಮ್ಮ

ಮತ್ತೆ: ಬರೆಯಲು ಮರೆತಿದ್ದೆ ಎನ್ನಲಾರೆ, ಮರೆತಿರಲಿಲ್ಲ. ನಿನ್ನನ್ನು ತೆಗೆಯುವ ನೋಟಿಸು ಶುಕ್ರವಾರವೇ ಅಂಚೆಗೆ ಹೋಗಿದೆ, ಮಂಗಳವಾರ ಬರಬಹುದು. ಅದಕ್ಕೆ ಮುಂಚೆ ತಲುಪಲೆಂದು ಇದನ್ನು ಇಂದಿನ ಬಸ್ಸಿನ ಚಾಲಕನ ಕೈಯಲ್ಲಿ ಕಳಿಸುತ್ತಿದ್ದೇನೆ, ಹೊರಡುವ ಹೊತ್ತಾಯಿತು. ಆ ನೋಟಿಸಿನಲ್ಲಿ, ವೇಳೆಯನ್ನು ಶಾಸ್ತ್ರೀಯವಾಗಿ ನಿಗದಿಪಡಿಸಲಾಗಿದೆ ಎಂಬ ಸಾಲಿನ ಕೆಳಗೆ ಇರುವ ಸಹಿ ನನ್ನದು. ಹಾಕದಿದ್ದರೆ ಹನ್ನೆರಡನೆಯ ಹೆಸರು ನನ್ನದಾಗುತ್ತಿತ್ತು. ಉತ್ತರ ಕೊಡಲು ಹದಿನೈದು ದಿನಗಳಿವೆ. ಕೈ ಕೆಟ್ಟದ್ದು ಈ ಕೆಲಸದಿಂದಲೇ ಎಂದು ವೈದ್ಯರಿಂದ ಬರೆಸಿಕೋ. ಉತ್ತರವನ್ನು ಮಗಳು ಬರೆಯಲಿ, ನೀನು ಒಂದಕ್ಷರವನ್ನೂ ಬರೆಯಬೇಡ. ಬರೆಯುವ ಕೈಗೆ ಟೇಪು ಸುತ್ತಲು ಏನು ಕಷ್ಟ ಎಂದು ಕಂಪನಿಯವರು ಕೇಳುತ್ತಾರೆ. ನನಗೂ ಬರೆಯಬೇಡ ಅಕ್ಕಾ. ನಿನ್ನ ಕೈಬರಹದ ಕಾಗದ ಈ ಮನೆಯಲ್ಲಿದ್ದು, ಅವರು ಬಂದು ಕೇಳಿದರೆ, ಇಲ್ಲ ಎಂದು ಹೇಳಿಯೇನು ಎಂಬ ನಂಬಿಕೆ ಶುಕ್ರವಾರದಿಂದ ನನಗೆ ನನ್ನ ಮೇಲಿಲ್ಲ.